ಹಗಲು ಕಥೆ ಕೇಳಲು ಹೋದ ಅತ್ತೆ

ನಮ್ಮ ಅತ್ತೆ ಕಥೆ ಹೇಳಲು ಕೂತರೆ ಕೇಳುವವರ ಸಂಖ್ಯೆ ಯಾವಾಗಲೂ ಒಂದು ಜಾಸ್ತಿ ಬರುತ್ತಿತ್ತು. ನಂಬದಿದ್ದರೆ ಬಿಡಿ, ನನ್ನದೇನೂ ಒತ್ತಾಯವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ. ಆದರೆ ಎಣಿಸಿದವಳು ನಾನೇ, ಅದೂ ಒಂದೊಂದಾಗಿ ಬೆರಳು ಮಡಿಸಿ!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ನರಸಿಂಹರಾಜಪುರದ ಪೇಟೆಯಲ್ಲಿ ಅವಳದೊಂದು ಹಿಟ್ಟಿನ ಗಿರಣಿ. ಗಂಡ ತೀರಿಕೊಂಡಾಗ "ಇದನ್ನ ಯಾರಿಗಾದ್ರೂ ವಹಿಸಿ ಸುಮ್ನೆ ಕೂತ್ಕೋ" ಎಂದವರಿಗೆಲ್ಲ "ಸುಮ್ನೆ ಕೂರೋದು ಹ್ಯಾಂಗೆ ಅಂತ ನೀವೇ ಒಂದ್ಸಲ ತೋರ್ಸಿ" ಎಂದು ಹೇಳಿ, ಸೆರಗು ಸೊಂಟಕ್ಕೆ ಬಿಗಿದು, ತಾನೇ ಯಂತ್ರಕ್ಕೆ ಬೆಲ್ಟು ಏರಿಸಿದವಳು. ಮೂವತ್ತು ವರ್ಷ ಆ ಸದ್ದಿನ ನಡುವೆ ಮಾತಾಡಿ ಅವಳ ದನಿ ಹೇಗಾಗಿತ್ತೆಂದರೆ, ಅವಳು ನಮ್ಮ ಕಿವಿಯಲ್ಲಿ ಗುಟ್ಟು ಹೇಳಿದರೆ ಬಸ್ ಸ್ಟ್ಯಾಂಡಿನಲ್ಲಿ ಕೂತವರಿಗೆ ಮೊದಲು ತಿಳಿಯುತ್ತಿತ್ತು. ಸಂಜೆಯ ಹೊತ್ತಿಗೆ ಹುಬ್ಬು, ರೆಪ್ಪೆ, ಕೂದಲು ಎಲ್ಲ ಹಿಟ್ಟು ಮೆತ್ತಿ ಬೆಳ್ಳಗಾಗಿ, ಬಾಗಿಲಲ್ಲಿ ನಿಂತು ಕಣ್ಣು ಮಾತ್ರ ಹೊರಳಿಸುತ್ತಿದ್ದಳು. ಊರಿಗೆ ಹೊಸದಾಗಿ ಬಂದ ಮೇಷ್ಟ್ರೊಬ್ಬರು ಕರೆಂಟು ಹೋದ ಮುಸ್ಸಂಜೆಯಲ್ಲಿ ಗೋಧಿಯ ಡಬ್ಬಿ ಹಿಡಿದು ಬಂದಿದ್ದರು. ಕತ್ತಲೊಳಗಿಂದ ಈ ಬಿಳಿ ಆಕಾರ "ನುಣ್ಣಗೋ, ತರಿಯೋ?" ಎಂದು ಗುಡುಗಿದ್ದೇ ತಡ, ಡಬ್ಬಿಯನ್ನು ಅಲ್ಲೇ ಬಿಟ್ಟು ಹೋದರು. ಮಾರನೆಯ ದಿನ ಡಬ್ಬಿ ತರಲು ಹೆಂಡತಿಯನ್ನು ಕಳಿಸಿದರಂತೆ!

ಬೇಸಿಗೆ ರಜೆಯಲ್ಲಿ ನಾವು ನಾಲ್ಕು ಮಕ್ಕಳು, ಅಂದರೆ ನಾನು, ನನ್ನ ತಂಗಿ, ಚಿಕ್ಕಪ್ಪನ ಇಬ್ಬರು ಮಕ್ಕಳು, ಅತ್ತೆಯ ಮನೆಯಲ್ಲಿ ಠಿಕಾಣಿ. ದೀಪ ಹಚ್ಚಿದ ಮೇಲೆ ಯಂತ್ರ ನಿಲ್ಲಿಸಿ, ಇನ್ನೂ ಬಿಸಿಯಿರುವ ಗಿರಣಿಯಲ್ಲಿ ಚೀಲ ಹಾಸಿ ಕೂರಿಸಿ ಕಥೆ ಹೇಳುತ್ತಿದ್ದಳು. ಕಥೆಗೆ ಎರಡು ಕಾನೂನು. ಹಗಲಲ್ಲಿ ಕಥೆ ಹೇಳಬಾರದು, ಕೇಳಲೂಬಾರದು. ಕೇಳಿದರೆ ಕೇಳಿದವರ ಸೋದರಮಾವ ದಾರಿ ತಪ್ಪುತ್ತಾನೆ. ಇನ್ನೊಂದು, ಕಥೆ ಕೇಳುವವರು ಹೂಂಗುಟ್ಟುತ್ತಲೇ ಇರಬೇಕು. ಒಂದೊಂದು ವಾಕ್ಯಕ್ಕೂ ಹೂಂ.

"ನೀವು ಹೂಂ ಅನ್ದೇ ಇದ್ರೆ ಬೇರೆ ಯಾರಾದ್ರೂ ಅಂತಾರೆ. ಆಮೇಲೆ ಕಥೆ ಅವರಿಗೇ ಹೇಳ್ಬೇಕಾಗ್ತದೆ. ನಂಗೆ ಗೊತ್ತಿಲ್ಲ, ನೋಡ್ಕಳಿ" ಎನ್ನುತ್ತಿದ್ದಳು.

ಬೇರೆ ಯಾರು? ಅದನ್ನು ಕೇಳುವ ಧೈರ್ಯ ಯಾರಿಗಿತ್ತು! ಆದರೆ ಒಂದು ಸಂಜೆ ನಾನು ಜಾಣತನ ಮಾಡಿದೆ. ಎಲ್ಲರೂ ಒಟ್ಟಿಗೆ ಹೂಂ ಅನ್ನುವುದು ಬೇಡ, ಸರದಿಯ ಪ್ರಕಾರ ಅನ್ನೋಣ ಎಂದೆ. ನಾನು ಹೂಂ ಅಂದೆ. ತಂಗಿ ಹೂಂ ಅಂದಳು. ಚಿಕ್ಕಪ್ಪನ ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಹೂಂ, ಹೂಂ. ನಾಲ್ಕು ಬೆರಳು ಮಡಿಸಿದ್ದೆ. ಅಷ್ಟರಲ್ಲಿ ರಾಗಿ ಚೀಲಗಳ ಹಿಂದಿನಿಂದ, ತನ್ನ ಸರದಿ ಬರಲೆಂದು ಕಾದಿದ್ದವರ ಹಾಗೆ, ಬಹಳ ಮರ್ಯಾದೆಯ ದನಿಯಲ್ಲಿ ಐದನೆಯದು ಬಂತು. "ಹೂಂ."

ಅತ್ತೆ ಕಥೆ ನಿಲ್ಲಿಸಲೇ ಇಲ್ಲ. ಮುಗಿದ ಮೇಲೆ ಹುರಿಗಡಲೆ, ಬೆಲ್ಲವನ್ನು ಐದು ಪಾಲು ಮಾಡಿ, ಐದನೆಯದನ್ನು ತುಂಡು ಬಾಳೆಲೆಯ ಮೇಲಿಟ್ಟು ಚೀಲಗಳ ಹಿಂದಕ್ಕೆ ಸರಿಸಿದಳು. ಬೆಳಿಗ್ಗೆ ನಾವು ನಾಲ್ವರೂ ಒಬ್ಬರ ಲಂಗ ಒಬ್ಬರು ಹಿಡಿದುಕೊಂಡು ಹೋಗಿ ನೋಡಿದರೆ ಎಲೆ ಖಾಲಿ. ಇಲಿ ಅಂತೀರಾ? ತಿಂದಾದ ಮೇಲೆ ಎಲೆಯನ್ನು ತನ್ನ ಕಡೆಗೆ ಮಡಚಿಟ್ಟು ಏಳುವ ಇಲಿಯನ್ನು ನೀವು ನೋಡಿದ್ದೀರಾ?

ಹೂಂಗುಟ್ಟುವುದು ಅತ್ತೆಗೆ ಉಸಿರಾಟದಷ್ಟೇ ಸಹಜವಾಗಿತ್ತು. ಟೀವಿ ಬಂದ ಮೇಲೆ ವಾರ್ತೆ ಓದುವವಳ ಎದುರು ಕೂತು ಕೊನೆಯವರೆಗೂ ಹೂಂ ಅನ್ನುತ್ತಿದ್ದಳು. "ಅವಳಿಗೆ ಕೇಳ್ಸಲ್ಲ ಅತ್ತೆ" ಎಂದರೆ, "ಪಾಪ, ಒಂದೇ ಸಮ ಮಾತಾಡ್ತಾ ಇದಾಳೆ ಮಾರಾಯ್ತಿ, ಯಾರಾದ್ರೂ ಒಬ್ರು ಅನ್ಬೇಡ್ವಾ?" ಮೊಬೈಲು ಕೊಡಿಸಿದೆವು. ನೀವು ಕರೆ ಮಾಡಿದ ಚಂದಾದಾರರು ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಆ ಯಂತ್ರದ ಹೆಂಗಸು ಹೇಳಿದರೆ ಮೂರು ಸಲ ಹೂಂಗುಟ್ಟಿ, "ಆಗ್ಲಿ ತಾಯಿ, ನಿಧಾನಕ್ಕೆ ಮಾಡ್ತೀನಿ" ಎಂದು ಸಮಾಧಾನ ಹೇಳಿ ಇಡುತ್ತಿದ್ದಳು. 

ಇಷ್ಟೆಲ್ಲ ಕಾನೂನಿದ್ದರೂ ಅವಳಿಗೆ ಬರುತ್ತಿದ್ದ ಕಥೆ ಮಾತ್ರ ಒಂದೇ! ಹೊಳೆಯ ತಳದಲ್ಲಿ ಒಂದು ಊರು. ಅಲ್ಲಿಯೂ ನಮ್ಮ ಹಾಗೇ ಬೀದಿ, ಬಾವಿ, ಶಾಲೆ. ಅಲ್ಲಿಯ ಹೆಂಗಸರೂ ಬೆಳಿಗ್ಗೆ ಎದ್ದು ಅಂಗಳ ಗುಡಿಸುತ್ತಾರೆ, ಕಸದ ಬದಲು ಮೀನು ಏಳುತ್ತದೆ, ಅಷ್ಟೇ. ಒಂದು ದಿನ ದಡದ ಮೇಲಿನ ಊರಿನ ಪುಟ್ಟ ಹುಡುಗನೊಬ್ಬ ನೀರೊಳಗೆ ಶಾಲೆಯ ಗಂಟೆ ಹೊಡೆದದ್ದು ಕೇಳಿಸಿಕೊಂಡು ಇಳಿದು ಹೋದ, ಬರಲಿಲ್ಲ. ಅವನ ಅಕ್ಕ ಕರೆತರಲು ಇಳಿದಳು. ನೀರೊಳಗೆ ದಿಕ್ಕು ತಿಳಿಯದು. ಅದಕ್ಕೇ ಅವಳು ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಹೋಗುವುದು, ದಡದಲ್ಲಿ ಕೂತ ಅಜ್ಜಿ ಹೂಂಗುಟ್ಟುವುದು. ಹೂಂ ಬಂದ ಕಡೆಗೆ ಮನೆಯ ದಾರಿ. ಹುಡುಗಿ ಕೊನೆಗೂ ಆ ಶಾಲೆ ಹುಡುಕಿದಳು. ತಮ್ಮ ಸ್ಲೇಟಿನ ಮೇಲೆ ಏನೋ ಬರೆಯುತ್ತಿದ್ದ. ತಲೆ ಎತ್ತಿ "ನೀನ್ಯಾರು?" ಅಂದ. ಅವಳು ಅವನ ಕೈ ಹಿಡಿದು ಎಳೆದುಕೊಂಡು ಹೊರಟಳು. ಅಷ್ಟರಲ್ಲಿ ದಡದ ಮೇಲೆ ಅಜ್ಜಿಗೆ ತೂಕಡಿಕೆ ಬಂತು. ಹೂಂ ನಿಂತುಹೋಯಿತು.

"ಆಮೇಲೆ?"

"ಆಮೇಲೆ ಎಂತ ಇಲ್ಲ. ಏಳಿ, ಊಟಕ್ಕೆ."

ಮಕ್ಕಳಿಗೆ ಹೀಗೂ ಕಥೆ ನಿಲ್ಲಿಸುತ್ತಾರೆಯೇ! ಹಾಸಿಗೆಯಲ್ಲಿ ನಾವು ನಾಲ್ವರೂ ಆ ಹುಡುಗಿಗೋಸ್ಕರ ಪಾಳಿಯ ಮೇಲೆ ಹೂಂಗುಟ್ಟುತ್ತ ಮಲಗುತ್ತಿದ್ದೆವು. ಪ್ರತಿ ರಜೆಯಲ್ಲೂ ಅದೇ ಕಥೆ, ಅದೇ ಜಾಗದಲ್ಲಿ ಬ್ರೇಕು.

ಕಾರಣ ಗೊತ್ತಾದದ್ದು ನಾನು ಕಾಲೇಜು ಸೇರಿದ ಮೇಲೆ. ಕಥೆ ಅತ್ತೆಯದಲ್ಲ, ಅವಳ ಸೋದರಮಾವನದು, ಅಂದರೆ ನಮ್ಮ ಅಜ್ಜಿಯ ತಮ್ಮನದು. ಇಪ್ಪತ್ತರ ಹುಡುಗ, ಅಕ್ಕನ ಮನೆಯಲ್ಲೇ ಇದ್ದ. ದಿನಾ ಸಂಜೆ ಏಳು ವರ್ಷದ ಸೊಸೆಗೆ ತನ್ನ ತಲೆಯಿಂದಲೇ ಕಟ್ಟಿ ಒಂದೊಂದು ತುಂಡು ಹೇಳುತ್ತಿದ್ದ. ಹೂಂ ನಿಂತುಹೋಯಿತು ಎನ್ನುವಲ್ಲಿಗೆ ಬಂದು, ಉಳಿದದ್ದು ನಾಳೆ ಸಂಜೆ ಅಂದ. ನಾಳೆ ಸಂಜೆಯವರೆಗೆ ಕಾಯುವ ಜೀವವೇ ನಮ್ಮ ಅತ್ತೆಯದು? ಮಾರನೆಯ ದಿನ ಮಟಮಟ ಮಧ್ಯಾಹ್ನ ಹಠ ಹಿಡಿದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. "ಹಗಲಲ್ಲಿ ಹೇಳಿದ್ರೆ ನಾನೇ ದಾರಿ ತಪ್ತೀನಲ್ಲೇ" ಎಂದು ನಕ್ಕು, ಕೊನೆಗೆ ಒಂದೇ ಒಂದು ತುಂಡು ಹೇಳಿ, ಚೀಲ ಹೆಗಲಿಗೇರಿಸಿ ಬಾಳೆಹೊನ್ನೂರಿನ ಕಡೆಗೆ ಹೊರಟ. ಸಂಜೆಗೆ ಬಂದು ಮಿಕ್ಕಿದ್ದು ಹೇಳುವವನಿದ್ದ.

ಬರಲಿಲ್ಲ. ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಹುಲಿ ಹಿಡಿಯಿತು ಎಂದರು. ಹೊಳೆ ದಾಟುವಾಗ ಹೋದ ಎಂದರು. ಮುಂಬಯಿಗೆ ಓಡಿಹೋದ, ನಾಟಕದವರ ಹಿಂದೆ ಹೋದ ಎಂದೂ ಅಂದರು. ಅಜ್ಜಿ ಮಾತ್ರ ಮೂರನೆಯ ದಿನ ಮಗಳನ್ನು ಹತ್ತಿರ ಕರೆದು, "ಹಗಲಲ್ಲಿ ಕಥೆ ಕೇಳಿದ್ಯೇನೇ?" ಎಂದು ಕೇಳಿದಳಂತೆ. ಏಳು ವರ್ಷದ ಮಗು ಹೂಂ ಅಂದಿತು. ಅಜ್ಜಿ ಬೈಯಲಿಲ್ಲ, ಹೊಡೆಯಲಿಲ್ಲ, ಮತ್ತೆ ಆ ವಿಷಯ ಎತ್ತಲೂ ಇಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಅತ್ತೆ ನನಗೆ ಹೇಳಿದಳು. 

"ಆ ಹಗಲು ಹೇಳಿದ ತುಂಡು ಎಂತದು ಅತ್ತೆ?"

"ಅದನ್ನ ನಾನು ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಅವ್ನಿಗೆ ಗೊತ್ತು, ನಂಗೆ ಗೊತ್ತು. ಮೂರನೇ ಕಿವಿಗೆ ಬಿದ್ದಿಲ್ಲ."

ಇದಾದ ಹದಿನೈದು ಹದಿನಾರು ವರ್ಷಕ್ಕೆ ಭದ್ರೆಗೆ ಅಣೆಕಟ್ಟು ಬಂದು, ಹಿನ್ನೀರು ಏರಿ, ಸುತ್ತಲಿನ ಹಳ್ಳಿಗಳು ನಿಜವಾಗಿಯೇ ನೀರಿನಡಿ ಹೋದವು. ಬೀದಿ, ಬಾವಿ, ಶಾಲೆ ಸಮೇತ! ಊರೆಲ್ಲ ಗದ್ದೆ ಹೋಯಿತು, ಮನೆ ಹೋಯಿತು ಎಂದು ಅಳುತ್ತಿದ್ದರೆ ಅತ್ತೆ ಒಬ್ಬಳು ಬೆಚ್ಚಿಬಿದ್ದು, "ಇದನ್ನ ಮಾವ ಮೊದ್ಲೇ ಹೇಳಿದ್ದ" ಅಂದಳಂತೆ. ಒಂದು ಕಡು ಬೇಸಿಗೆಯಲ್ಲಿ ನನ್ನನ್ನು ಹಿನ್ನೀರಿನ ಅಂಚಿಗೆ ಕರೆದುಕೊಂಡು ಹೋಗಿದ್ದಳು. ನೀರು ಇಳಿದು, ಕೆಸರಿನ ನಡುವೆ ಗೋಡೆಯ ಬುಡಗಳು, ಒಂದು ಬಾವಿಕಟ್ಟೆ, ನಾಲ್ಕು ಮೆಟ್ಟಿಲು ಎದ್ದು ನಿಂತಿದ್ದವು. ಗಾಳಿ ಇರಲಿಲ್ಲ, ಒಂದು ಹಕ್ಕಿಯೂ ಇರಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು ನೀರಿನ ಕಡೆಗೆ ತಿರುಗಿ ಗಟ್ಟಿಯಾಗಿ "ಹೂಂ" ಅಂದಳು. ಆಮೇಲೆ ಕಿವಿಗೊಟ್ಟು ನಿಂತಳು. ಆ ಕಡೆಯಿಂದ ಏನಾದರೂ ಬಂತೇ ಎಂದು ನನ್ನನ್ನು ಕೇಳಬೇಡಿ. ನಾನು ಎರಡೂ ಕಿವಿಗೆ ಬೆರಳು ತುರುಕಿಕೊಂಡು ಕಣ್ಣು ಮುಚ್ಚಿದ್ದೆ!

ಹೀಗಿರುವಾಗ ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾದ ಮೇಲೆ ಆ ಸಿನಿಮಾ ಬಂತು. ನಾನಾಗ ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದೆ. ಯಾರದೋ ಪಹಣಿಯನ್ನು ಯಂತ್ರದ ಮೇಲೆ ಮಲಗಿಸಿ ಬಟನ್ ಒತ್ತುವಷ್ಟರಲ್ಲಿ ಹೊರಗೆ ಮೈಕಿನ ಆಟೋ ಕೂಗಿಕೊಂಡು ಬಂತು. "ಮಕ್ಕಳು ದೊಡ್ಡವರು ನೋಡಲೇಬೇಕಾದ ಚಿತ್ರ! ಹೊಳೆಯೊಳಗಿನ ಊರಿಗೆ ಇಳಿದ ಪುಟ್ಟ ಹುಡುಗಿ! ದಡದ ಮೇಲಿನ ಅಜ್ಜಿ ಹೂಂ ಅನ್ನುವವರೆಗೆ ಮಾತ್ರ ದಾರಿ! ಅದ್ಭುತ ಗ್ರಾಫಿಕ್ಸ್! ದಿನಕ್ಕೆ ಒಂದೇ ಆಟ, ಮ್ಯಾಟಿನಿ!"

ಯಂತ್ರ ನಿಲ್ಲಿಸಲು ಮರೆತೆ. ಪಹಣಿ ಹದಿನೇಳು ಪ್ರತಿ ಬಂದುಬಿಟ್ಟಿತ್ತು.

ಅತ್ತೆಗೆ ಫೋನು ಮಾಡಿದೆ. ಆ ಕಡೆ ಗಿರಣಿ ಗರಗರ ಅನ್ನುತ್ತಿತ್ತು. ನಾನು ಕೂಗಿ ಕೂಗಿ ಹೇಳುತ್ತಿದ್ದೆ, ಅವಳು ಹೂಂ ಅನ್ನುತ್ತಿದ್ದಳು. ದಡದ ಮೇಲಿನ ಅಜ್ಜಿ ಎಂದೆ. ಹೂಂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಗಿರಣಿಯ ಸದ್ದೂ ನಿಂತಿತು. ಹಗಲು ಹೊತ್ತಿನಲ್ಲಿ ಆ ಗಿರಣಿ ನಿಂತದ್ದನ್ನು ನಾನು ಕೇಳಿಯೇ ಇರಲಿಲ್ಲ. ಲೈನು ಕಟ್ಟಾಯಿತೇ ಎಂದು "ಅತ್ತೆ? ಅತ್ತೆ?" ಎಂದು ಕೂಗುತ್ತಿದ್ದರೆ, ತಗ್ಗಿದ ದನಿಯಲ್ಲಿ, "ನಾಡಿದ್ದು ಬರ್ತೀನಿ ಕಣೇ" ಅಂದಳು. ಅತ್ತೆಗೆ ತಗ್ಗಿದ ದನಿಯೂ ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಬಸ್ಸಿಳಿದು ಬಂದವಳಿಗೆ ನಾನು ಬುದ್ಧಿ ಹೇಳಿದೆ. ಇದು ಹತ್ತು ಊರಿನ ಅಜ್ಜಿಯರು ಹೇಳುವ ಕಥೆ ಇರಬಹುದು, ನಿನ್ನ ಮಾವನೂ ಎಲ್ಲೋ ಕೇಳಿರಬಹುದು, ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದೆ.

"ಅದನ್ನೇ ನೋಡಕ್ಕೆ ಬಂದಿರೋದು" ಅಂದಳು. "ಅಜ್ಜಿ ನಿದ್ದೆ ಹೋಗೋ ತನಕ ಎಷ್ಟು ಜನಕ್ಕಾದ್ರೂ ಗೊತ್ತಿರ್ಲಿ, ನಾನೇ ಊರಿಗೆಲ್ಲ ಹೇಳಿದೀನಿ. ಅದರಾಚೆ ಒಂದು ತುಂಡಿದೆಯಲ್ಲ, ಅದು ಆ ಸಿನಿಮಾದಲ್ಲಿದ್ರೆ, ಮಾವ ಎಲ್ಲೋ ಹೋಗಿ ಸೇರಿ, ಯಾರಿಗೋ ಹೇಳಿದಾನೆ ಅಂತ. ಇಲ್ದಿದ್ರೆ ಕಥೆ ಅವನ ಜೊತೆಗೇ ಹೋಯ್ತು ಅಂತ."

"ಹೋದ್ರೆ ಅದು ನಿನ್ನ ತಪ್ಪಲ್ಲ ಅತ್ತೆ."

"ಕೇಳಿದ್ದು ನಾನೇ ಅಲ್ದಾ?" ಅಂದಳು.

ಆದರೆ ಮ್ಯಾಟಿನಿ ಎಂದರೆ ಹಗಲು ಕಥೆ! ಹಗಲು ಕಥೆ ಕೇಳಲು ನಾನೂ ಹೊರಟಿದ್ದೇನೆ, ನನಗೋ ಕಮ್ಮರಡಿಯಲ್ಲಿ ಜೀವಂತ ಸೋದರಮಾವನಿದ್ದಾನೆ, ಅವನು ಬಾಡಿಗೆ ಜೀಪು ಓಡಿಸುವವನು! ಅತ್ತೆ ನನ್ನ ಫೋನು ಕಸಿದುಕೊಂಡು ಅವನಿಗೆ ಆಜ್ಞೆ ಹೊರಡಿಸಿದಳು.

"ನೋಡು ಮಾರಾಯ, ಇವತ್ತು ಮಧ್ಯಾಹ್ನ ಮೂರು ಗಂಟೆ ಹೊತ್ತು ನೀನು ಮನೆ ಮೆಟ್ಲು ಇಳೀಬಾರ್ದು. ನಿನ್ನ ಸೊಸೆ ಸಿನಿಮಾಕ್ಕೆ ಹೋಗ್ತಿದಾಳೆ."

"ಅವಳು ಸಿನಿಮಾಕ್ಕೆ ಹೋದ್ರೆ ನಾನ್ಯಾಕೆ ಅಕ್ಕ ಮನೇಲಿ ಕೂರ್ಬೇಕು?"

"ನೀನು ದಾರಿ ತಪ್ತೀಯ."

"ಇಪ್ಪತ್ತು ವರ್ಷದಿಂದ ಇದೇ ದಾರೀಲಿ ಜೀಪು ಓಡಿಸ್ತಾ ಇದೀನಲ್ಲ!"

"ಅವನಿಗೂ ದಾರಿ ಗೊತ್ತಿತ್ತು" ಅಂದಳು ಅತ್ತೆ. ಅವತ್ತು ನನ್ನ ಮಾವ ಜೀಪು ತೆಗೆಯಲಿಲ್ಲ. ಹೆದರಿಕೆಗಲ್ಲವಂತೆ, ಟೈರು ಪಂಚರಾಗಿತ್ತಂತೆ. ಯಾವ ಟೈರು ಎಂದು ಕೇಳಿದರೆ ಒಂದೊಂದು ಸಲ ಒಂದೊಂದು ಹೇಳುತ್ತಾನೆ.

ಟಾಕೀಸಿನಲ್ಲಿ ಜನವೇ ಇರಲಿಲ್ಲ. ನಮ್ಮನ್ನೂ ಸೇರಿಸಿ ಹನ್ನೊಂದು ಮಂದಿ. ಮಾಡಿನ ಬಾವಲಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಹೌಸ್‌ಫುಲ್! ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಹಳೆಯ ಗೋಣಿಯ ವಾಸನೆಯ ಕತ್ತಲು. ಅತ್ತೆಗೆ ಹತ್ತಿರದ್ದು ಕಾಣುವುದಿಲ್ಲವೆಂದು ಎಲ್ಲರಿಗಿಂತ ಹಿಂದೆ ಕೂತೆವು. ನಮ್ಮ ಬೆನ್ನಿಗೆ ಇನ್ನೊಂದೇ ಸಾಲು, ಖಾಲಿ. ಜನಪದ ಕಥೆಯೊಂದನ್ನು ಆಧರಿಸಿದ್ದು ಎಂದು ಪರದೆಯ ಮೇಲೆ ಅಕ್ಷರ ಬಂತು. "ನೋಡು, ನಾನು ಹೇಳ್ಲಿಲ್ವಾ?" ಎಂದೆ. ಅತ್ತೆ ನನ್ನ ತೊಡೆ ಚಿವುಟಿದಳು.

ಸಿನಿಮಾ ಚೆನ್ನಾಗಿತ್ತೇ? ನನಗೆ ಬೇಕಾಗಿದ್ದ ಹೊಳೆಯೇ ಬೇರೆ. ನಮ್ಮ ಗಿರಣಿಯಲ್ಲಿ ಕೂತು ನಾನು ಕಟ್ಟಿಕೊಂಡ ನೀರೊಳಗಿನ ಊರು ಕಪ್ಪಗೆ, ತಣ್ಣಗೆ, ಸದ್ದಿಲ್ಲದೆ ಇತ್ತು. ಇವರದ್ದು ಮದುವೆ ಮನೆಯ ಲೈಟಿನಂತೆ ನೀಲಿ ಹಸಿರು ಮಿಣಮಿಣ. ಮೀನುಗಳು ಪ್ಲಾಸ್ಟಿಕ್ಕಿನಂತೆ ನಗುತ್ತಿದ್ದವು. ನಡುವೆ ಎಲ್ಲಿಂದಲೋ ಒಂದು ಹಾಡು, ಅದಕ್ಕೆ ಏಡಿಗಳ ಕುಣಿತ! ನಮ್ಮ ಕಥೆಯಲ್ಲಿ ಏಡಿ ಇರಲೇ ಇಲ್ಲ. ನನಗೆ ಸಿಟ್ಟು ಬಂದು ಎದ್ದು ಹೋಗೋಣವೆನಿಸಿತು.

ಆದರೆ ಹುಡುಗಿ ನೀರಿಗೆ ಇಳಿದಳು. "ಇಲ್ಲೊಂದು ಬೀದಿ ಇದೆ ಅಜ್ಜಿ" ಅಂದಳು. ಪಕ್ಕದಲ್ಲಿ ಅತ್ತೆ, ಗಿರಣಿಯ ಗಂಟಲಿನಲ್ಲಿ, "ಹೂಂ!"

ಮುಂದೆ ಕೂತ ಹತ್ತೂ ತಲೆ ತಿರುಗಿದವು. ಹತ್ತಲ್ಲ, ಒಂಬತ್ತು. ನಾನು ತಲೆ ತಗ್ಗಿಸಿದೆ.

"ಇಲ್ಲೊಂದು ಬಾವಿ ಇದೆ ಅಜ್ಜಿ."

"ಹೂಂ!"

ಒಬ್ಬ ಗಂಡಸು ಎದ್ದು ನಿಂತ. "ಅಮ್ಮಾ, ಸ್ವಲ್ಪ ಸುಮ್ನಿರ್ತೀರಾ? ಸಿನಿಮಾ ನೋಡ್ಬೇಕು ನಾವು."

"ಕೂತ್ಕೊಂಡು ನೋಡು ಮಾರಾಯ, ಬೇಡ ಅಂದೋರ್ಯಾರು? ನೀವ್ಯಾರೂ ಅನ್ನಲ್ಲ, ನಾನೂ ಅನ್ನದಿದ್ರೆ ಆ ಕೂಸು ದಾರಿ ಹುಡುಕೋದು ಹ್ಯಾಂಗೆ?"

ಅವನು ಗೊಣಗುತ್ತ ಕೂತ. ಆದರೆ ಪರದೆಯ ಮೇಲೆ ನೀರು ಕಪ್ಪಾಗುತ್ತ ಹೋದ ಹಾಗೆ, ಹುಡುಗಿ "ಇಲ್ಲಿ ಯಾರೋ ಅಂಗಳ ಗುಡಿಸ್ತಾ ಇದಾರೆ ಅಜ್ಜಿ, ಅವರಿಗೆ ಮುಖ ಇಲ್ಲ" ಎಂದಾಗ, ಅತ್ತೆಯ ಜೊತೆಗೆ ಅವನೂ ಸಣ್ಣಗೆ ಹೂಂ ಅಂದ! ಆಮೇಲೆ ಅವನ ಪಕ್ಕದವಳು. ಆಮೇಲೆ ಇನ್ನಿಬ್ಬರು. ಸ್ವಲ್ಪ ಹೊತ್ತಿಗೆ ಆ ಕತ್ತಲೆಯಲ್ಲಿ ಎಲ್ಲರೂ ಹೂಂಗುಟ್ಟುತ್ತಿದ್ದೆವು. ನಾನೂ ಸೇರಿದೆ. ನಾಚಿಕೆ ಎಲ್ಲಿ ಹೋಯಿತೋ ಕಾಣೆ.

ಅಭ್ಯಾಸಬಲ ನೋಡಿ, ನನ್ನ ಬೆರಳುಗಳು ತಾವಾಗಿಯೇ ಎಣಿಸತೊಡಗಿದ್ದವು. ಹನ್ನೊಂದು ಹೂಂ ಮುಗಿದ ಮೇಲೆ, ನಮ್ಮ ಬೆನ್ನ ಹಿಂದಿನ ಖಾಲಿ ಸಾಲಿನಿಂದ ಇನ್ನೊಂದು ಬರುತ್ತಿತ್ತು. ಒಂದು ಕ್ಷಣ ತಡವಾಗಿ, ನಿಧಾನವಾಗಿ, ಮರ್ಯಾದೆಯಿಂದ. ಎ.ಸಿ. ಇಲ್ಲದ ಟಾಕೀಸಿನಲ್ಲಿ ನನ್ನ ಕುತ್ತಿಗೆಯ ಹಿಂಭಾಗ ತಣ್ಣಗಾಯಿತು. ಇಂಟರ್‌ವಲ್ಲಿನಲ್ಲಿ ಲೈಟು ಬಂದದ್ದೇ ತಿರುಗಿ ನೋಡಿದೆ. ಧೂಳು ಹಿಡಿದ ಕುರ್ಚಿಗಳು, ಅರ್ಧಕ್ಕರ್ಧ ಮುರಿದವು. ಟಿಕೆಟ್ ಹರಿಯುವವನನ್ನು ಕೇಳಿದರೆ, "ಆ ಸಾಲಿಗೆ ನಾವು ಜನ ಬಿಡೋದೇ ಇಲ್ಲ ಮೇಡಂ. ಹಾಲ್ ದೊಡ್ಡದಲ್ವಾ, ದನಿ ಗೋಡೆಗೆ ಬಡಿದು ವಾಪಸ್ ಬರ್ತದೆ" ಅಂದ. ಹಾಗಿರಬಹುದು. ನಾನು ಅದನ್ನೇ ನಂಬುವುದೆಂದು ಅಲ್ಲೇ ತೀರ್ಮಾನ ಮಾಡಿದೆ.

ಅತ್ತೆ ಎದ್ದಿರಲಿಲ್ಲ. ಕಡಲೆಕಾಯಿ ತಂದುಕೊಟ್ಟರೆ ಕೈಯಲ್ಲಿ ಹಿಡಿದುಕೊಂಡು ಕೂತಳು, ಒಂದನ್ನೂ ಸುಲಿಯಲಿಲ್ಲ. "ಇನ್ನು ಶಾಲೆ ಬರ್ತದೆ" ಅಂದಳು.

ಶಾಲೆ ಬಂತು. ತಮ್ಮ ಸ್ಲೇಟಿನಿಂದ ತಲೆ ಎತ್ತಿ "ನೀನ್ಯಾರು?" ಅಂದ. ಹುಡುಗಿ ಅವನ ಕೈ ಹಿಡಿದು ಎಳೆದುಕೊಂಡು ಹೊರಟಳು. ದಡದ ಮೇಲೆ ಅಜ್ಜಿ ತೂಕಡಿಸಿದಳು. ಹೂಂ ನಿಂತಿತು. ಟಾಕೀಸಿನಲ್ಲೂ ಎಲ್ಲರದೂ ನಿಂತಿತು, ಹಿಂದಿನ ಸಾಲಿನದೂ. ಪರದೆ ಪೂರ್ತಿ ಕತ್ತಲಾಯಿತು. ಅತ್ತೆಯ ಇಡೀ ಬದುಕು ಬಂದು ನಿಂತುಬಿಟ್ಟ ಜಾಗ ಅದು. ನಾನು ದೇವರಿಗೆ ಕೈ ಮುಗಿದೆ, ನಿಜವಾಗಿಯೂ ಮುಗಿದೆ.

ಬೆಳಕು ಬಂತು. ಹುಡುಗಿಯ ಮುಖ ಕಾಣಿಸಿತು. ಅದನ್ನು ನೋಡಿ ಮುಂದಿನವರು ಗೊಳ್ಳೆಂದು ನಕ್ಕರು. ಅಲ್ಲಿಯವರೆಗೆ ಲಕ್ಷಣವಾಗಿದ್ದ ಹುಡುಗಿಯ ಎರಡೂ ಗಲ್ಲ ಊದಿಕೊಂಡಿವೆ! ಗದ್ದದ ಕೆಳಗಿನಿಂದ ಬಿಳಿ ಬಟ್ಟೆ ಸುತ್ತಿ ನೆತ್ತಿಯ ಮೇಲೆ ಗಂಟು ಹಾಕಿದೆ, ಗಂಟಿನ ಎರಡು ತುದಿ ಮೊಲದ ಕಿವಿಯ ಹಾಗೆ ನೀರಿನಲ್ಲಿ ಅಲ್ಲಾಡುತ್ತಿವೆ. ಹಿಂದಿಲ್ಲ, ಮುಂದಿಲ್ಲ, ಕಾರಣವೂ ಇಲ್ಲ.

"ಇದೇನ್ರೀ, ಇಂಟರ್‌ವಲ್ಲಲ್ಲಿ ಮಂಗಬಾವು ಬಂತಾ ಹುಡುಗಿಗೆ?" ಎಂದು ಆ ಗಂಡಸು ಕೂಗಿದ. ನಾನೂ ನಕ್ಕುಬಿಟ್ಟೆ. ಇಷ್ಟು ದೊಡ್ಡ ಸಿನಿಮಾ ಮಾಡುವವರಿಗೆ ಇಷ್ಟೂ ಗೊತ್ತಾಗಬಾರದೇ ಎಂದು ಹೇಳಲು ಅತ್ತೆಯ ಕಡೆ ತಿರುಗಿದೆ.

ಅತ್ತೆ ಎರಡೂ ಅಂಗೈಯಿಂದ ತನ್ನ ಎರಡೂ ಗಲ್ಲ ಒತ್ತಿ ಹಿಡಿದುಕೊಂಡು ಕೂತಿದ್ದಳು. ಕಡಲೆಕಾಯಿ ನೆಲದ ಮೇಲೆ ಚೆಲ್ಲಿತ್ತು.

ಪರದೆಯ ಮೇಲೆ ಹುಡುಗಿಗೆ ಕೂಗಲು ಬಾಯಿ ತೆರೆಯಲಾಗಲಿಲ್ಲ. ಅಜ್ಜಿಯನ್ನು ಎಬ್ಬಿಸುವುದು ಹೇಗೆ? ತಮ್ಮನ ಕೈ ಬಿಡದೆ, ಮುಚ್ಚಿದ ಬಾಯಿಯಿಂದಲೇ ತನಗೆ ತಾನೇ "ಹೂಂ" ಎಂದಳು. ಒಂದು ಹೆಜ್ಜೆ ಇಟ್ಟಳು. ಮತ್ತೆ ಹೂಂ, ಮತ್ತೆ ಒಂದು ಹೆಜ್ಜೆ. ಮುಂದಿನವರ ನಗು ನಿಂತಿತ್ತು. ಅತ್ತೆ ಹೂಂಗುಟ್ಟಲಿಲ್ಲ. ನಮ್ಮ ಬೆನ್ನ ಹಿಂದಿನಿಂದ ಮಾತ್ರ ಒಂದು ಬಂತು, ನಾನು ತಿರುಗಲಿಲ್ಲ.

"ಏಳು, ಹೋಗಣ" ಅಂದಳು ಅತ್ತೆ.

"ಕೊನೆ ನೋಡೋದು ಬೇಡ್ವಾ? ಇಷ್ಟು ವರ್ಷ ಅದಕ್ಕೇ ಕಾದಿದ್ದಲ್ವಾ?"

"ಕೊನೆ ಅವ್ನು ಯಾರಿಗೋ ಹೇಳಾಗಿದೆ. ಏಳೇ."

ಹೊರಗೆ ಬಂದು, ನಡು ಮಧ್ಯಾಹ್ನದ ಬಿಸಿಲಿನಲ್ಲಿ, ಪೋಸ್ಟರಿನ ಕೆಳಗೆ ನಿಂತು ಹೇಳಿದಳು. ಮಾವ ಹೊರಟುಹೋದ ಹಿಂದಿನ ರಾತ್ರಿ ಕಥೆ ಕೇಳಿ ಮಲಗಿದವಳಿಗೆ ಬೆಳಗಾಗುವಷ್ಟರಲ್ಲಿ ಮಂಗಬಾವು ಎದ್ದಿತ್ತು. ನಮ್ಮ ಅಜ್ಜಿ ಅವಳ ಗಲ್ಲಕ್ಕೆ ಲೇಪ ಹಚ್ಚಿ, ಬಟ್ಟೆ ಸುತ್ತಿ, ನೆತ್ತಿಯ ಮೇಲೆ ಗಂಟು ಹಾಕಿದ್ದಳು. ಬಾಯಿ ತೆರೆಯಲಾಗದೆ ಕಣ್ಣೀರು ಹಾಕುತ್ತ, ಕಥೆ ಬೇಕೆಂದು ಕೈಸನ್ನೆಯಲ್ಲೇ ಹಠ ಮಾಡಿದಳು. ಆ ಮೊಲದ ಕಿವಿ ನೋಡಿ ಮಾವನಿಗೆ ಅಯ್ಯೋ ಎನಿಸಿತು. ಕಥೆಯ ಹುಡುಗಿಗೂ ಮಂಗಬಾವು ಬರಿಸಿಬಿಟ್ಟ. "ಹೂಂ ಅನ್ನಕ್ಕೆ ಬಾಯಿ ತೆಗೀಬೇಕಾಗಿಲ್ಲ ಕಣೇ, ನೋಡು, ನೀನೂ ಅನ್ನು" ಅಂದ. ಅವಳು ಅಂದಳು. ಅವನು ನಕ್ಕು, ಚೀಲ ತೆಗೆದುಕೊಂಡು ಹೊರಟ. 

"ಎಲ್ಲೋ ಕೂತು ಯಾವ್ದೋ ಮಕ್ಕಳಿಗೆ ಹೇಳಿದಾನೆ. ಗಂಟು ಸಮೇತ ಹೇಳಿದಾನೆ" ಅಂದಳು. "ದಾರಿ ತಪ್ಪಿಲ್ಲ ಕಣೇ ಅವ್ನು."

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಒಬ್ಬಳನ್ನೇ ಬಿಡಲು ಮನಸ್ಸಾಗದೆ ಅಂಗಡಿಗೆ ಬೀಗ ಹಾಕಿ ನಾನೂ ನರಸಿಂಹರಾಜಪುರದ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತು ಸೆರಗು ಸೊಂಟಕ್ಕೆ ಬಿಗಿದುಕೊಂಡಳು. ಆಮೇಲೆ ಶುರುವಾಯಿತು ನೋಡಿ!

"ಲಜ್ಜೆಗೆಟ್ಟವ್ನು! ಒಂದು ಕಾರ್ಡು ಹಾಕಕ್ಕೆ ಏನು ಧಾಡಿ ಬಂದಿತ್ತು ಇವ್ನಿಗೆ? ಕೈ ಸೇದಿ ಹೋಗಿತ್ತಾ? ಇವ್ನ ಅಕ್ಕ, ನಮ್ಮಮ್ಮ, ಬಾಗಿಲು ನೋಡ್ತಾ ನೋಡ್ತಾ ಸತ್ಲು. ಸಿಕ್ಕಿದ ಮಕ್ಕಳಿಗೆಲ್ಲ ಕಥೆ ಹೇಳಕ್ಕೆ ಪುರುಸೊತ್ತಿತ್ತು, ನಂಗೊಂದು ಇದೀನಿ ಅಂತ ಹೇಳಕ್ಕೆ ಆಗ್ಲಿಲ್ಲ. ಕೈಗೆ ಸಿಕ್ಕಿದ್ರೆ ನಾಲ್ಕು ಬಾರಿಸ್ತಿದ್ದೆ, ಮಾವ ಅಂತಾನೂ ನೋಡ್ತಿರ್ಲಿಲ್ಲ!"

ಐವತ್ತೈದು ವರ್ಷದಲ್ಲಿ ಅತ್ತೆ ಅವನ ಬಗ್ಗೆ ಒಂದು ಕೆಟ್ಟ ಮಾತು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ತಾನೇ ಕೊಂದೆ ಅಂದುಕೊಂಡವನನ್ನು ಬೈಯುವುದು ಹೇಗೆ? ಈಗ ಇಡೀ ಬಸ್ಸಿಗೆ ಕೇಳುವಂತೆ ಬೈಯುತ್ತಿದ್ದಳು. ಬೈಯಲಿ, ಊರು ಬರುವವರೆಗೂ ಬೈಯಲಿ ಎಂದು ಅವಳ ಕೈ ಹಿಡಿದುಕೊಂಡು ಕೂತೆ.

ಕಂಡಕ್ಟರ್ ಹತ್ತಿರ ಬಂದು ನಿಂತ. "ಯಾರನ್ನಮ್ಮ ಇಷ್ಟು ಬೈತಾ ಇದೀರಿ?"

"ನನ್ನ ಸೋದರಮಾವನ್ನ."

"ಅಯ್ಯೋ, ಪಾಪ. ಮನೇಲಿದಾರಾ ಅವ್ರು?"

"ಇಲ್ಲ ಮಾರಾಯ, ಈಗಷ್ಟೇ ಸಿಕ್ಕಿದ" ಅಂದಳು ಅತ್ತೆ. ಹಾಗೆಂದವಳೇ ಸೆರಗನ್ನು ಮುಖಕ್ಕೆ ಒತ್ತಿಕೊಂಡು, ಏಳು ವರ್ಷದ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.